ಮಕ್ಕಳ ಸ್ಥೂಲತೆಯೂ ಸುತ್ತಣ ಸನ್ನಿವೇಶವೂ: ಮಹಾಜಾಡ್ಯಕ್ಕೆ ಮುಂಚೆ ಮತ್ತು ಮಹಾಜಾಡ್ಯದ ಕಾಲದಲ್ಲಿ

ವ್ಯವಸಾಯದ ಇಲಾಖೆಯ ಪತ್ರಿಕೆಯಲ್ಲಿ ಗೊಬ್ಬರ, ಬಿತ್ತನೆ, ಕೀಟಬಾಧೆ, ಜಾನುವಾರುಗಳ ಮೇವು ಮೊದಲಾದ ವಿಷಯಗಳನ್ನೇ ನಿರೀಕ್ಷಿಸುವ ವಾಚಕ ಮಹಾಶಯರಿಗೆ, ಈ ತಿಂಗಳು ಮಕ್ಕಳ ಬೊಜ್ಜಿನ ಮೇಲೆ ಒಂದು ಲೇಖನವನ್ನು ಕಂಡು ಕೊಂಚ ಆಶ್ಚರ್ಯವಾಗಬಹುದು. ಆದರೆ ನಾವು ಬೆಳೆಯುವ ಕಾಳುಕಡ್ಡಿಗಳು ಕೊನೆಗೆ ಸೇರತಕ್ಕದ್ದು ಮಕ್ಕಳ ಹೊಟ್ಟೆಯನ್ನೇ ಅಲ್ಲವೆ? ಬೆಳೆ ಚೆನ್ನಾಗಿದ್ದು ಅದನ್ನುಣ್ಣುವ ಮಗುವಿನ ಮೈ ಕೆಟ್ಟರೆ ಆ ಬೆಳೆಯಿಂದ ಬಂದ ಲಾಭವೇನು? ಅದೂ ಅಲ್ಲದೆ ಈ ರೋಗದ ಬೇರು ಇರುವುದು ಮಗುವಿನ ಹೊಟ್ಟೆಬಾಕತನದಲ್ಲಿ ಮಾತ್ರವೇ ಅಲ್ಲ, ಮಗು ಬೆಳೆಯುವ ಬೀದಿ, ಅಂಗಡಿ, ಶಾಲೆ, ಬಯಲು ಇವುಗಳಲ್ಲಿಯೂ ಇರುವುದೆಂದು ಈಚೆಗೆ ಸ್ಪಷ್ಟವಾಗಿದೆ. ಊರಿನ ಬೀದಿ, ಬಯಲುಗಳು ಯಾರ ಮಾತಿಗೆ ಒಳಪಟ್ಟಿರುವುವೋ ಆ ಯಜಮಾನರಿಗೂ ಜಮೀನುದಾರರಿಗೂ ಈ ವಿಷಯವನ್ನು ತಿಳಿಸುವುದು ಅಗತ್ಯವೆಂದು ತೋರಿ ಇದನ್ನು ಬರೆಯಲಾಗಿದೆ.

ಬೊಜ್ಜೆಂಬುದು ಪಟ್ಟಣದ ಸಾಹುಕಾರರ ಮಕ್ಕಳ ಕಾಯಿಲೆ, ನಮ್ಮ ಹಳ್ಳಿಯ ಹುಡುಗರಿಗೆ ಮೈಮೇಲೆ ಮಾಂಸವಿದ್ದರೆ ಸಾಕಾಗಿದೆ ಎಂದು ಹೇಳುವವರು ಬಹಳ ಮಂದಿ. ಈ ಮಾತಿನಲ್ಲಿ ಅರ್ಧ ನಿಜವಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2019-21ರಲ್ಲಿ ಭಾರತ ದೇಶದ 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.5 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದೆ ಕುಳ್ಳಾಗಿದ್ದರು. ಅದೇ ಸಮೀಕ್ಷೆಯಲ್ಲಿ ಎತ್ತರಕ್ಕೆ ಮೀರಿದ ತೂಕವುಳ್ಳ ಮಕ್ಕಳು ನೂರಕ್ಕೆ 3.4 ಮಂದಿ ಮಾತ್ರ. ಆದರೆ 2015-16ರ ಸಮೀಕ್ಷೆಯಲ್ಲಿ ಈ ಸಂಖ್ಯೆ 2.1 ಇದ್ದಿತೆಂಬುದನ್ನು ಮರೆಯಬಾರದು. ನೂರಕ್ಕೆ ಮೂರು ಏನು ಮಹಾ ಎನ್ನುವವರು ಬತ್ತದ ಒಟ್ಲುಪಾತಿಯಲ್ಲಿ ಬೆಂಕಿರೋಗವು ಹೇಗೆ ಆರಂಭವಾಗುವುದೆಂಬುದನ್ನು ಒಮ್ಮೆ ನೆನೆದುಕೊಳ್ಳಲಿ. ಮೊದಲ ದಿನ ಹತ್ತಾರು ಎಲೆಗಳ ಮೇಲೆ ಕಣ್ಣಿನಾಕಾರದ ಚುಕ್ಕೆ ಕಂಡು, ಕಂಡವನು ಅಸಡ್ಡೆಮಾಡಿದಲ್ಲಿ ವಾರ ಕಳೆಯುವುದರೊಳಗಾಗಿ ಪಾತಿಯೇ ಸುಟ್ಟಂತಾಗುವುದು.

ಸ್ಥೂಲತೆ ಎಂದರೇನು?

ನಮ್ಮಲ್ಲಿ ದುಂಡಗಿರುವ ಮಗುವನ್ನು ಕಂಡು, ದೃಷ್ಟಿಯಾದೀತೆಂದು ಕೆನ್ನೆಗೆ ಕಾಡಿಗೆಯ ಬೊಟ್ಟಿಡುವುದು ರೂಢಿ. ಹಾಲುಗಲ್ಲದ ಕೂಸು ದುಂಡಗಿರುವುದು ಸಹಜ, ಅದರಲ್ಲಿ ದೋಷವೇನೂ ಇಲ್ಲ. ಆದರೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಮೈ ಒಂದೇ ಸಮನೆ ಊದುತ್ತ ಹೋದರೆ ಅದನ್ನು ಪುಷ್ಟಿಯೆಂದು ತಿಳಿಯಬಾರದು. ಸಾರಜನಕದ ಗೊಬ್ಬರ ಅತಿಯಾದ ಗದ್ದೆ ಕಪ್ಪುಹಸುರಾಗಿ ಕೊಬ್ಬಿ ನೋಡುವವರ ಕಣ್ಣನ್ನು ತಣಿಸಿ, ತೆನೆಕಟ್ಟುವ ಕಾಲಕ್ಕೆ ಗಾಳಿಮಳೆಗೆ ಮಲಗಿಬಿಡುವುದು ರೈತರಿಗೆ ತಿಳಿದ ವಿಷಯ. ಅತಿ ಬೊಜ್ಜುಳ್ಳ ಮಕ್ಕಳಿಗೆ ಹರೆಯದಲ್ಲಿಯೇ ಸಿಹಿಮೂತ್ರದ ಕಾಯಿಲೆ, ರಕ್ತದ ಒತ್ತಡ, ಪಿತ್ತಜನಕಾಂಗದಲ್ಲಿ ಕೊಬ್ಬು ಸೇರುವುದು, ಕೀಲುಗಳ ನೋವು ಇವು ಅಂಟಿಕೊಳ್ಳುವ ಸಂಭವ ಹೆಚ್ಚು. ಬಾಲ್ಯದ ಬೊಜ್ಜು ದೊಡ್ಡವರಾದ ಮೇಲೂ ಉಳಿಯುವುದೇ ಬಹುಮಟ್ಟಿಗೆ ಕಂಡುಬಂದಿರುವ ಸಂಗತಿ.

ಇದನ್ನು ಕಣ್ಣಂದಾಜಿನಿಂದ ಹೇಳಲಾಗದು. ತೂಕವನ್ನು ಕಿಲೋಗ್ರಾಮಿನಲ್ಲಿಯೂ ಎತ್ತರವನ್ನು ಮೀಟರಿನಲ್ಲಿಯೂ ತೆಗೆದುಕೊಂಡು, ಎತ್ತರವನ್ನು ಎತ್ತರದಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ತೂಕವನ್ನು ಭಾಗಿಸತಕ್ಕದ್ದು. 1 ಮೀಟರು 20 ಸೆಂಟಿಮೀಟರು ಎತ್ತರವುಳ್ಳ 7 ವರ್ಷದ ಹುಡುಗನು 23 ಕಿಲೋಗ್ರಾಂ ತೂಗಿದರೆ ಅವನ ಅಂಕ ಸುಮಾರು 16. ಇದು ಸರಿಯಾದ ಮೈ. ಅದೇ ಎತ್ತರದ ಅದೇ ವಯಸ್ಸಿನ ಹುಡುಗನು 30 ಕಿಲೋಗ್ರಾಂ ತೂಗಿದರೆ ಅಂಕವು 20.8 ಆಗುವುದು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಂತೆ 7 ವರ್ಷದ ಹುಡುಗನಿಗೆ 17ನ್ನು ಮೀರಿದರೆ ಅತಿತೂಕ, 19ನ್ನು ಮೀರಿದರೆ ಸ್ಥೂಲತೆ. ದೊಡ್ಡವರಿಗೆ ಹೇಳುವ 25, 30 ಎಂಬ ಎಲ್ಲೆಗಳನ್ನು ಮಕ್ಕಳಿಗೆ ಹಚ್ಚಿ ಸಮಾಧಾನಪಟ್ಟುಕೊಳ್ಳುವುದು ತಪ್ಪು. ಮಕ್ಕಳ ಎಲ್ಲೆ ವಯಸ್ಸಿಗೂ ಲಿಂಗಕ್ಕೂ ತಕ್ಕಂತೆ ಬೇರೆಯಾಗಿರುವುದು.

ಬೀಜ ಮತ್ತು ನೆಲ

ಒಂದೇ ತಳಿಯ ಬೀಜವನ್ನು ಎರಡು ಹೊಲಗಳಲ್ಲಿ ಬಿತ್ತಿದರೆ ಎರಡು ಬಗೆಯ ಪೈರು ಬರುವುದು. ಹಾಗೆಂದು ಬೀಜಕ್ಕೆ ಗುಣವೇ ಇಲ್ಲವೆಂದಲ್ಲ. ತಾಯಿತಂದೆಗಳ ಮೈಕಟ್ಟು ಮಕ್ಕಳಿಗೆ ಬರುವುದು ನಿಜವೇ. ನಮ್ಮ ನಾಡಿನ ಮಕ್ಕಳ ವಿಷಯದಲ್ಲಿ ಇನ್ನೂ ಒಂದು ವಿಶೇಷವುಂಟು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಪರೀಕ್ಷಿಸಿ, ಅವರಿಗೆ ಹುಟ್ಟಿದ ಮಕ್ಕಳನ್ನು ಅನೇಕ ವರ್ಷಗಳವರೆಗೆ ಅಳೆಯುತ್ತ ಬಂದರು. ಈ ಶಿಶುಗಳು ಆಂಗ್ಲ ಶಿಶುಗಳಿಗಿಂತ ತೂಕದಲ್ಲಿ ಕಡಿಮೆಯಾಗಿದ್ದುವು. ಆದರೆ ಬೆನ್ನಿನ ಹೆಗಲೆಲುಬಿನ ಕೆಳಗೆ ಚರ್ಮವನ್ನು ಚಿವುಟಿ ಅಳೆದಾಗ ಅಲ್ಲಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ. ನಾಲ್ಕು ವರ್ಷ ತುಂಬುವ ವೇಳೆಗೆ ಅದು ಆಂಗ್ಲ ಮಕ್ಕಳ ಮಟ್ಟವನ್ನೂ ಮೀರಿತು. ಅಂದರೆ ನಮ್ಮ ಮಕ್ಕಳು ನೋಡಲು ಸಣಕಲಾಗಿದ್ದರೂ ಕೊಬ್ಬನ್ನು ಕೂಡಿಡುವ ಸ್ವಭಾವದವರು. ಇಂಥ ಬೀಜಕ್ಕೆ ಕೊಬ್ಬಿಸುವ ನೆಲ ದೊರಕಿದರೆ ಏನಾಗುವುದೆಂಬುದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಬೀಜದ ಗುಣ ಒಂದು ತಲೆಮಾರಿನಲ್ಲಿ ಬದಲಾಗತಕ್ಕದ್ದಲ್ಲ. ನಮ್ಮ ಕಣ್ಣೆದುರಿನಲ್ಲಿ ಬದಲಾಗಿರುವುದು ನೆಲ. ನಾನು ಸಂಚಾರ ಹೋಗುವ ಹಳ್ಳಿಗಳಲ್ಲಿ ಮೂವತ್ತು ವರ್ಷಗಳ ಹಿಂದೆ ಹುಡುಗರು ಶಾಲೆಗೆ ಮೈಲಿಗಟ್ಟಲೆ ನಡೆಯುತ್ತಿದ್ದರು. ಶನಿವಾರ ಮಧ್ಯಾಹ್ನ ದನ ಹೊಡೆದುಕೊಂಡು ಹೋಗುತ್ತಿದ್ದರು, ಕೆರೆಯಂಗಳದಲ್ಲಿ ಚಿನ್ನಿದಾಂಡು ಆಡುತ್ತಿದ್ದರು, ನೀರು ಸೇದುತ್ತಿದ್ದರು. ಈಗ ಖಾಸಗಿ ಶಾಲೆಯ ವ್ಯಾನು ಮನೆಯ ಬಾಗಿಲಿಗೇ ಬರುವುದು, ನೀರು ನಲ್ಲಿಯಲ್ಲಿ ಬರುವುದು. ಇವೆಲ್ಲವೂ ಒಳ್ಳೆಯ ಸೌಕರ್ಯಗಳೇ, ಇವನ್ನು ಬಿಡಿರೆಂದು ಯಾರೂ ಹೇಳುವಂತಿಲ್ಲ. ಆದರೆ ಕಾಲುಗಳ ಕೆಲಸ ತಗ್ಗಿದ ಕಾಲದಲ್ಲಿಯೇ ಬಾಯಿಯ ಕೆಲಸ ಹೆಚ್ಚಿತು. ಹತ್ತು ಮನೆಯ ಹಟ್ಟಿಯ ಪೆಟ್ಟಿಗೆ ಅಂಗಡಿಯಲ್ಲಿಯೂ ಐದು, ಹತ್ತು ರೂಪಾಯಿಯ ಕುರುಕಲಿನ ಪೊಟ್ಟಣಗಳು ಮಾವಿನ ತೋರಣದಂತೆ ಸಾಲಾಗಿ ತೂಗುತ್ತಿರುವುವು. ಅದೇ ಅಂಗಡಿಯಲ್ಲಿ ಒಂದು ಬಾಳೆಯ ಹಣ್ಣು ಬೇಕೆಂದರೆ ಸಂತೆಯ ದಿನದವರೆಗೆ ಕಾಯಬೇಕು. ಹಣ್ಣು ಬೆಳೆಯುವವರು ನಾವು, ನಮ್ಮ ಊರಿನ ಅಂಗಡಿಯಲ್ಲಿ ಅದು ದೊರೆಯದು!

ಈ ಪೊಟ್ಟಣಗಳ ಲೆಕ್ಕವನ್ನು ಸ್ವಲ್ಪ ನೋಡೋಣ. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕ್ಯಾಲೊರಿ ಶಾಖಶಕ್ತಿ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2020ರಲ್ಲಿ ಗೊತ್ತುಮಾಡಿದ್ದಾರೆ. 30 ಗ್ರಾಂ ತೂಕದ ಆಲೂಗೆಡ್ಡೆ ಚಿಪ್ಸಿನ ಒಂದು ಪೊಟ್ಟಣದಲ್ಲಿ ಹೆಚ್ಚುಕಡಿಮೆ 160 ಕ್ಯಾಲೊರಿ, 300 ಮಿಲಿಲೀಟರು ಬಣ್ಣದ ಸಿಹಿ ಪಾನೀಯದಲ್ಲಿ 30 ಗ್ರಾಮಿಗೂ ಮೀರಿದ ಸಕ್ಕರೆ, ಎಂದರೆ ಮತ್ತೆ 120ರಿಂದ 130 ಕ್ಯಾಲೊರಿ ಇರುವುದು. ಇವೆರಡೂ ಸೇರಿದರೆ ದಿನದ ಅವಶ್ಯಕತೆಯ ಆರನೆಯ ಒಂದು ಭಾಗವಾಯಿತು. ಹೀಗಿದ್ದೂ ಹೊಟ್ಟೆ ತುಂಬಲಿಲ್ಲ. ಹುಡುಗನು ಮನೆಗೆ ಬಂದು ಎಂದಿನಂತೆ ಊಟಮಾಡುವನು. ಇಲ್ಲವೆ ಊಟವನ್ನು ಬಿಡುವನು, ಅದು ಇನ್ನೊಂದು ಕೇಡು.

ಮಹಾಜಾಡ್ಯಕ್ಕೆ ಮುಂಚೆ ಕಂಡುಬಂದ ಸಂಗತಿಗಳು

ಸನ್ನಿವೇಶದ ಪ್ರಭಾವವೆಂಬುದು ಊಹೆಯ ಮಾತಲ್ಲ. ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ಸೀಮೆಯ 12 ಊರುಗಳಲ್ಲಿ 9-10 ವರ್ಷದ 3,173 ಮಕ್ಕಳನ್ನು ಎಂಟು ವರ್ಷಗಳ ಕಾಲ ಅಳೆದು 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮನೆಯಿಂದ 500 ಮೀಟರಿನೊಳಗೆ ಉದ್ಯಾನದ ಬಯಲು ಹೆಚ್ಚಾಗಿದ್ದ ಮಕ್ಕಳ ಅಂಕವು 18 ವರ್ಷದ ಪ್ರಾಯಕ್ಕೆ ಬಂದಾಗ ಉಳಿದವರಿಗಿಂತ ಕಡಿಮೆಯಾಗಿದ್ದಿತು.

ಇಂಗ್ಲೆಂಡಿನಲ್ಲಿ ಪ್ರತಿವರ್ಷವೂ ಶಾಲೆಗೆ ಸೇರುವ 4-5 ವರ್ಷದ ಮಕ್ಕಳನ್ನೂ, ಪ್ರಾಥಮಿಕ ಶಾಲೆಯನ್ನು ಬಿಡುವ 10-11 ವರ್ಷದ ಮಕ್ಕಳನ್ನೂ ತೂಗಿ ಅಳೆದು ದಾಖಲೆ ಇಡುವರು. ಇದು ಬಹು ಒಳ್ಳೆಯ ಪದ್ಧತಿ. ಆ ದಾಖಲೆಯ ಪ್ರಕಾರ 2019-20ರಲ್ಲಿ ಅತ್ಯಂತ ಬಡ ಪ್ರದೇಶಗಳ ಚಿಕ್ಕ ಮಕ್ಕಳಲ್ಲಿ ನೂರಕ್ಕೆ 13.3 ಮಂದಿ ಸ್ಥೂಲರು. ಅತ್ಯಂತ ಅನುಕೂಲ ಪ್ರದೇಶಗಳಲ್ಲಿ ನೂರಕ್ಕೆ 6 ಮಂದಿ. ಅನ್ನ ಹೆಚ್ಚಾದ ಮನೆಯ ಮಕ್ಕಳು ಕೊಬ್ಬುವರೆಂಬ ನಮ್ಮ ಹಳೆಯ ಎಣಿಕೆಗೆ ಇದು ತೀರ ವಿರುದ್ಧವಾದದ್ದು. ಕಾರಣವೇನೆಂದರೆ, ಅಲ್ಲಿ ಅಗ್ಗವಾಗಿ ದೊರೆಯುವ ಆಹಾರವು ಎಣ್ಣೆ, ಸಕ್ಕರೆ, ಮೈದಾಹಿಟ್ಟುಗಳಿಂದ ಮಾಡಿದ್ದು. ಹಣ್ಣು ತರಕಾರಿಗಳು ತುಟ್ಟಿ. ಬಡವರ ಕೇರಿಗಳಲ್ಲಿ ಆಡುವುದಕ್ಕೆ ನಿರ್ಭಯವಾದ ಜಾಗ ಕಡಿಮೆ. ನಮ್ಮ ದೇಶದಲ್ಲಿ ಇನ್ನೂ ಈ ಸ್ಥಿತಿ ಬಂದಿಲ್ಲ, ಇಲ್ಲಿ ಬೊಜ್ಜು ಅನುಕೂಲಸ್ಥರಲ್ಲಿಯೇ ಹೆಚ್ಚು. ಆದರೆ ಐದು ರೂಪಾಯಿಯ ಪೊಟ್ಟಣವು ಯಾವ ದಾರಿಯನ್ನು ತೋರಿಸುತ್ತಿರುವುದೋ ಅದನ್ನು ಯಜಮಾನರು ಊಹಿಸಿಕೊಳ್ಳಬಹುದು.

ಇನ್ನೊಂದು ಸಂಗತಿ ಹೆಚ್ಚು ಕುತೂಹಲಕರವಾದದ್ದು. ಮಕ್ಕಳು ಕೊಬ್ಬುವುದಕ್ಕೆ ಶಾಲೆಯೇ ಕಾರಣವೆಂದು, ಅಲ್ಲಿ ಗಂಟೆಗಟ್ಟಲೆ ಕೂರಿಸುವುದರಿಂದಲೂ ಅಲ್ಲಿ ಮಾರುವ ತಿಂಡಿಗಳಿಂದಲೂ ಹೀಗಾಗುವುದೆಂದು ಅಮೆರಿಕದಲ್ಲಿ ಹಲವರು ದೂರುತ್ತಿದ್ದರು. ಆದರೆ ಶಾಲೆಗೆ ಹೊಸದಾಗಿ ಸೇರಿದ ಮಕ್ಕಳನ್ನು ಎರಡು ವರ್ಷ ಅಳೆದು ನೋಡಿದಲ್ಲಿ, ಶಾಲೆ ನಡೆಯುವ ತಿಂಗಳುಗಳಿಗಿಂತ ಬೇಸಗೆಯ ರಜದಲ್ಲಿಯೇ ಅವರ ಅಂಕವು ವೇಗವಾಗಿ ಏರುತ್ತಿದ್ದಿತೆಂದು 2007ರಲ್ಲಿ ಪ್ರಕಟವಾಯಿತು. ಶಾಲೆಯು ಪಾಠ ಹೇಳುವುದಷ್ಟೇ ಅಲ್ಲ. ಏಳುವ ಹೊತ್ತು, ನಡೆಯುವ ಹೊತ್ತು, ಉಣ್ಣುವ ಹೊತ್ತು, ಆಡುವ ಹೊತ್ತು, ಮಲಗುವ ಹೊತ್ತು ಇವೆಲ್ಲಕ್ಕೂ ಒಂದು ಬದುವನ್ನು ಹಾಕುವುದು. ಬದು ಒಡೆದರೆ ನೀರು ತಗ್ಗು ಸಿಕ್ಕಿದತ್ತ ಹರಿಯುವುದು. ರಜದಲ್ಲಿ ಹುಡುಗನ ಕೈ ದಿನಕ್ಕೆ ಹತ್ತು ಬಾರಿ ತಿಂಡಿಯ ಡಬ್ಬಿಗೆ ಹೋಗುವುದು, ಕಣ್ಣು ರಾತ್ರಿ ಹನ್ನೊಂದಾದರೂ ದೂರದರ್ಶನದ ಪೆಟ್ಟಿಗೆಯನ್ನು ಬಿಡದು. ರಜವು ಎರಡು ತಿಂಗಳಿಗೆ ಮುಗಿಯುವುದರಿಂದ ಆದ ನಷ್ಟ ಹೇಗೋ ತುಂಬಿಕೊಳ್ಳುತ್ತಿದ್ದಿತು. ಎರಡು ತಿಂಗಳ ರಜವು ಹತ್ತೊಂಬತ್ತು ತಿಂಗಳಾದರೆ?

ಮಹಾಜಾಡ್ಯದ ಕಾಲ

ವಿಶ್ವ ಆರೋಗ್ಯ ಸಂಸ್ಥೆಯು ಕೊರೋನಾ ಜ್ವರವನ್ನು 2020ರ ಮಾರ್ಚಿ ತಿಂಗಳ 11ನೆಯ ತಾರೀಖು ಜಗದ್ವ್ಯಾಪಿಯಾದ ಮಹಾಜಾಡ್ಯವೆಂದು ಸಾರಿತು. ಭಾರತದಲ್ಲಿ ಅದೇ ತಿಂಗಳ 25ರಿಂದ ಲಾಕ್‌ಡೌನ್ ಜಾರಿಗೆ ಬಂದಿತು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ ಮುಚ್ಚಿದ ಪ್ರಾಥಮಿಕ ಶಾಲೆಗಳ 1ರಿಂದ 5ನೆಯ ತರಗತಿಗಳು ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರು 25ರಂದು. ಜಾಡ್ಯವನ್ನು ತಡೆಯುವ ಸಲುವಾಗಿ ಮುಚ್ಚಿದ್ದನ್ನು ಇಲ್ಲಿ ನಿಂದಿಸುತ್ತಿಲ್ಲ. ಅದರಿಂದ ಮಕ್ಕಳ ಮೈಗೆ ಏನಾಯಿತೆಂಬುದಷ್ಟೇ ನಮ್ಮ ವಿಚಾರ.

ಹಬ್ಬಕ್ಕೆಂದು ಟಗರನ್ನು ಕೊಬ್ಬಿಸುವವರು ಅದನ್ನು ಮಂದೆಯ ಜೊತೆಗೆ ಬಯಲಿಗೆ ಬಿಡುವುದಿಲ್ಲ. ನೆರಳಿನಲ್ಲಿ ಗೂಟಕ್ಕೆ ಕಟ್ಟಿ, ಹಿಂಡಿ ಹುರುಳಿಗಳನ್ನು ಕಾಲಬಳಿಯಲ್ಲಿಯೇ ಇಡುವರು. ಬಿಟ್ಟು ಮೇಯಿಸಿದ ಕುರಿ ಹೀಗೆ ಕೊಬ್ಬದು. ಮಹಾಜಾಡ್ಯದ ಕಾಲದಲ್ಲಿ ಲೋಕದ ಮಕ್ಕಳಿಗೆಲ್ಲ ಒಟ್ಟಿಗೆ ಆದದ್ದು ಇದೇ. ಇಟಲಿಯ ವೆರೋನಾ ಪಟ್ಟಣದಲ್ಲಿ ಮೊದಲೇ ಬೊಜ್ಜಿದ್ದ 41 ಮಕ್ಕಳನ್ನು ಡಾಕ್ಟರುಗಳು ನೋಡಿಕೊಳ್ಳುತ್ತಿದ್ದರು. 2020ರ ವಸಂತದಲ್ಲಿ ಲಾಕ್‌ಡೌನಿನ ಮೂರು ವಾರ ಕಳೆದಾಗ ವಿಚಾರಿಸಿದಲ್ಲಿ, ಆಟದ ಹೊತ್ತು ವಾರಕ್ಕೆ 2 ಗಂಟೆಗೂ ಹೆಚ್ಚು ತಗ್ಗಿದ್ದಿತು. ಪರದೆಯ ಮುಂದೆ ಕೂರುವ ಹೊತ್ತು ದಿನಕ್ಕೆ ಸುಮಾರು 5 ಗಂಟೆ ಏರಿದ್ದಿತು. ದಿನಕ್ಕೆ ಒಂದು ಊಟ ಹೆಚ್ಚಿ, ಚಿಪ್ಸು, ಸಿಹಿ ಪಾನೀಯಗಳೂ ಹೆಚ್ಚಿದ್ದುವು. ತರಕಾರಿ ಮಾತ್ರ ಮೊದಲಿನಷ್ಟೇ! ಮಕ್ಕಳು ಅವರೇ, ತಾಯಿತಂದೆಗಳು ಅವರೇ, ಮನೆಯೂ ಅದೇ. ಮೂರು ವಾರಗಳಲ್ಲಿ ಬದಲಾದದ್ದು ಸುತ್ತಣ ಸ್ಥಿತಿಯೊಂದೇ ಎಂಬುದನ್ನು ಗಮನಿಸಬೇಕು.

ಅಮೆರಿಕದಲ್ಲಿ 2ರಿಂದ 19 ವರ್ಷದ 4,32,302 ಮಂದಿಯ ತೂಕದ ದಾಖಲೆಗಳನ್ನು ಪರಿಶೀಲಿಸಿ ಅಲ್ಲಿಯ ರೋಗನಿಯಂತ್ರಣ ಕೇಂದ್ರದವರು 2021ರಲ್ಲಿ ವರದಿಯನ್ನು ಹೊರಡಿಸಿದರು. ಅಂಕವು ಏರುವ ವೇಗ ಮಹಾಜಾಡ್ಯದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. 2019ರ ಆಗಸ್ಟಿನಲ್ಲಿ ನೂರಕ್ಕೆ 19.3 ಇದ್ದ ಸ್ಥೂಲರು ಮರುವರ್ಷದ ಆಗಸ್ಟಿಗೆ 22.4 ಆದರು. ಈ ವರದಿಯ ಮುಖ್ಯವಾದ ಅಂಶ ಇನ್ನೊಂದುಂಟು. ಸರಿಯಾದ ಮೈಯುಳ್ಳ ಮಕ್ಕಳು ಮೊದಲು ವರ್ಷಕ್ಕೆ ಸುಮಾರು ಒಂದೂವರೆ ಕಿಲೋಗ್ರಾಂ ಏರುವ ಲೆಕ್ಕವಿದ್ದದ್ದು 2.4 ಆಯಿತು. ಮೊದಲೇ ಸ್ಥೂಲರಾಗಿದ್ದವರಲ್ಲಿ 2.9 ಇದ್ದದ್ದು 5.4 ಆಯಿತು. ಅತಿ ಸ್ಥೂಲರಲ್ಲಿ 4 ಇದ್ದದ್ದು 6.6 ಆಯಿತು. ಬದು ಒಡೆದಾಗ ನೀರು ಮೊದಲು ನುಗ್ಗುವುದು ತಗ್ಗಿನ ಗದ್ದೆಗೇ.

ಇಂಗ್ಲೆಂಡಿನ ಲೆಕ್ಕವು ಇನ್ನೂ ಬೋಧಪ್ರದವಾದದ್ದು. ಅಲ್ಲಿ 4-5 ವರ್ಷದವರಲ್ಲಿ ಸ್ಥೂಲರು 2019-20ರಲ್ಲಿ ನೂರಕ್ಕೆ 9.9 ಇದ್ದು 2020-21ರಲ್ಲಿ 14.4ಕ್ಕೆ ಏರಿದರು. 10-11 ವರ್ಷದವರಲ್ಲಿ 21ರಿಂದ 25.5ಕ್ಕೆ ಏರಿದರು. ಶಾಲೆಗಳು ಮುಚ್ಚಿದ್ದ ಕಾರಣ ಆ ವರ್ಷ ಅಳೆದ ಮಕ್ಕಳ ಸಂಖ್ಯೆ ಕಡಿಮೆ. ಆದರೂ ಅಲ್ಲಿ ಅಳತೆ ಪ್ರಾರಂಭವಾದ ಮೇಲೆ ಒಂದೇ ವರ್ಷದಲ್ಲಿ ಇಂಥ ಏರಿಕೆಯನ್ನು ಹಿಂದೆ ಕಂಡಿರಲಿಲ್ಲ. ಹಿಂದೆ ಹೇಳಿದ ಬಡ ಪ್ರದೇಶಗಳ ಚಿಕ್ಕ ಮಕ್ಕಳಲ್ಲಿ 13.3 ಇದ್ದದ್ದು 20.3 ಆಯಿತು, ಅನುಕೂಲ ಪ್ರದೇಶಗಳಲ್ಲಿ 6 ಇದ್ದದ್ದು 7.8 ಆಯಿತು. ಒಂದೇ ಜಾಡ್ಯ, ಒಂದೇ ಸರ್ಕಾರದ ಕಟ್ಟಳೆ. ಹಿತ್ತಲೂ ತೋಟವೂ ಇದ್ದ ಮನೆಯ ಮಗು ಅಷ್ಟಾಗಿ ಕೆಡಲಿಲ್ಲ. ಮಹಡಿಯ ಮೇಲಣ ಎರಡು ಕೋಣೆಗಳಲ್ಲಿ ಸೆರೆಯಾದ ಮಗು ಕೆಟ್ಟಿತು ಎಂಬುದು ಇದರಿಂದ ನಾನು ಗ್ರಹಿಸುವ ಅರ್ಥ. ಶಾಲೆಗಳು ತೆರೆದ ಮೇಲೆ 2021-22ರಲ್ಲಿ ಚಿಕ್ಕವರ ಸಂಖ್ಯೆ 10.1ಕ್ಕೆ ಇಳಿದು ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಬಂದಿತು. ದೊಡ್ಡ ಮಕ್ಕಳದು 23.4ಕ್ಕೆ ಇಳಿಯಿತಾದರೂ 21ಕ್ಕೆ ಬರಲಿಲ್ಲ, ಮರುವರ್ಷವೂ 22.7ರಲ್ಲಿಯೇ ನಿಂತಿತು. ಎಳೆಯ ಸಸಿ ಬಾಗಿದರೆ ಊರೆಗೋಲಿನಿಂದ ನೆಟ್ಟಗಾಗುವುದು, ಕಾಂಡ ಬಲಿತ ಮೇಲೆ ಅಷ್ಟು ಸುಲಭವಲ್ಲ.

ನಮ್ಮ ಹಳ್ಳಿಗಳ ವಿಷಯದಲ್ಲಿ ಒಂದೇ ಮಾತಿನಿಂದ ತೀರ್ಪು ಹೇಳುವುದು ಸರಿಯಾಗದು. ಇಲ್ಲಿ ಲಾಕ್‌ಡೌನು ಎರಡು ಕಡೆಗೂ ಕೊಯ್ಯುವ ಕತ್ತಿಯಾಯಿತು. ಕೂಲಿಯಿಲ್ಲದ ಮನೆಯ ಮಕ್ಕಳಿಗೆ ಶಾಲೆಯ ಬಿಸಿಯೂಟವೇ ದಿನದ ಒಳ್ಳೆಯ ಊಟವಾಗಿದ್ದಿತು. ಅದು ನಿಂತು, ಅಕ್ಕಿ ಬೇಳೆಗಳನ್ನು ಮನೆಗೆ ಕೊಡಲಾಯಿತು. ಚೀಲದಲ್ಲಿ ಬಂದ ಧಾನ್ಯವು ಇಡೀ ಮನೆಗೆ ಹಂಚಿಹೋಗುವುದು. ಹೊತ್ತಿಗೆ ಸರಿಯಾಗಿ ತರಕಾರಿಯ ಸಾರಿನೊಡನೆ ಎಲೆಗೆ ಬಿದ್ದ ಬಿಸಿ ಅನ್ನಕ್ಕೆ ಅದು ಸಮನಲ್ಲ. ಆ ಮಕ್ಕಳು ಸೊರಗಿದರು. ಅದೇ ಬೀದಿಯ ಅನುಕೂಲಸ್ಥರ ಮನೆಯಲ್ಲಿ, ಪಾಠಕ್ಕೆಂದು ಕೊಡಿಸಿದ ಮೊಬೈಲು ಫೋನು ದಿನವಿಡೀ ಹುಡುಗನ ಕೈಯಲ್ಲಿದ್ದು, ಅಜ್ಜಿಯು ಪಾಪ ಮಗು ಎಲ್ಲಿಗೂ ಹೋಗುವಂತಿಲ್ಲವಲ್ಲಾ ಎಂದು ಕರಿದದ್ದನ್ನು ಕೊಟ್ಟು ಕೊಟ್ಟು ಆ ಮಗು ಊದಿತು. ಮಧ್ಯೆ ಒಂದು ವರ್ಗದ ಹುಡುಗರು ತಂದೆಯೊಡನೆ ಹೊಲಕ್ಕೆ ಹೋಗಿ, ಕಳೆ ಕಿತ್ತು, ಬಾವಿಯಲ್ಲಿ ಈಜಿ, ಮೊದಲಿಗಿಂತ ಗಟ್ಟಿಯಾದದ್ದನ್ನೂ ನಾನು ಕಂಡಿದ್ದೇನೆ. 2020ರ ಆಗಸ್ಟಿನಲ್ಲಿ ವಿದ್ಯಾಗಮವೆಂಬ ಏರ್ಪಾಡಿನಿಂದ ಉಪಾಧ್ಯಾಯರು ಅರಳಿಕಟ್ಟೆ, ದೇವಸ್ಥಾನದ ಜಗಲಿ, ಮರದ ನೆರಳುಗಳಲ್ಲಿ ಪಾಠ ಹೇಳತೊಡಗಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನಿಂತರೂ ಒಂದು ಸಂಗತಿಯನ್ನು ಅದು ತೋರಿಸಿಕೊಟ್ಟಿತು. ನೆರಳು, ಬಯಲು, ಕಟ್ಟೆಗಳಿರುವ ಊರಿನಲ್ಲಿ ಮಕ್ಕಳನ್ನು ಕೂಡಿಸುವುದಕ್ಕೆ ಜಾಗವಿದ್ದಿತು. ಗುಂಡುತೋಪನ್ನು ಕಡಿದು ನಿವೇಶನ ಮಾಡಿಕೊಂಡ ಊರಿನಲ್ಲಿ ಅದಕ್ಕೂ ಎಡೆಯಿರಲಿಲ್ಲ.

ಎರಡು ಸಣ್ಣ ಊರುಗಳ ಕಥೆ

ಫ್ರಾನ್ಸ್ ದೇಶದ ಉತ್ತರ ಭಾಗದಲ್ಲಿ ಫ್ಲೋರ್ಬೇ ಮತ್ತು ಲಾವಾಂತಿ ಎಂಬ ಎರಡು ಸಣ್ಣ ಊರುಗಳಿವೆ. 1992ರಲ್ಲಿ ಅಲ್ಲಿಯ ಶಾಲೆಗಳಲ್ಲಿ ಆಹಾರದ ವಿಷಯವಾಗಿ ಪಾಠ ಹೇಳಲಾರಂಭಿಸಿದರು. ಮಕ್ಕಳಿಗೆ ಜ್ಞಾನ ಬಂದಿತು, ಮೈ ಮಾತ್ರ ಇಳಿಯಲಿಲ್ಲ. ಕೆಲವು ವರ್ಷ ಅತಿತೂಕದ ಮಕ್ಕಳ ಸಂಖ್ಯೆ ಏರುತ್ತಲೇ ಹೋಯಿತು. ಅನಂತರ ಪಾಠದ ಜೊತೆಗೆ ಇಡೀ ಊರೇ ಈ ಕೆಲಸಕ್ಕೆ ನಿಂತಿತು. ಪುರಸಭೆ, ಡಾಕ್ಟರು, ಔಷಧದ ಅಂಗಡಿಯವರು, ದಿನಸಿ ವ್ಯಾಪಾರಿಗಳು, ಆಟದ ಸಂಘಗಳು ಎಲ್ಲರೂ ಸೇರಿದರು. ಆಹಾರತಜ್ಞರನ್ನೂ ಆಟ ಕಲಿಸುವವರನ್ನೂ ನೇಮಿಸಿದರು. ಆಟದ ಜಾಗಗಳನ್ನು ಮಾಡಿದರು. 2004ರಲ್ಲಿ ಅಳೆದಾಗ ಅಲ್ಲಿಯ ಮಕ್ಕಳಲ್ಲಿ ಅತಿತೂಕದವರು ನೂರಕ್ಕೆ 8.8 ಮಂದಿ. ಹೋಲಿಕೆಗಾಗಿ ಆರಿಸಿದ ನೆರೆಯ ಊರುಗಳಲ್ಲಿ 17.8 ಮಂದಿ. ಕೇವಲ ಉಪದೇಶದಿಂದ ಆಗದ ಕೆಲಸ ಊರು ಬದಲಾದಾಗ ಆಯಿತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ. ನಮ್ಮ ಗ್ರಾಮಗಳ ಅಳತೆಯ ಊರುಗಳು ಅವು, ಅಲ್ಲಿ ಸಾಧ್ಯವಾದದ್ದು ಇಲ್ಲಿ ಅಸಾಧ್ಯವೆನ್ನಲು ಕಾರಣವಿಲ್ಲ.

ಗ್ರಾಮದ ಯಜಮಾನರು ಮಾಡಬಹುದಾದ ಕೆಲಸ

ಎಲ್ಲಕ್ಕಿಂತ ಮೊದಲನೆಯದು ಬಯಲು. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಯಾದರೂ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದೆ. ಆಡಬೇಕಾದರೆ ನೆಲ ಬೇಕು. ಶಾಲೆಗೆ ಸೇರಿದ ಆಟದ ಮೈದಾನವು ಎಷ್ಟು ಗುಂಟೆಯಿದ್ದಿತು, ಈಗ ಎಷ್ಟಿದೆ ಎಂಬುದನ್ನು ದಾಖಲೆಗಳೊಡನೆ ಹೋಲಿಸಿ, ಅಳತೆ ಮಾಡಿಸಿ, ಒತ್ತುವರಿಯಾಗಿದ್ದರೆ ತೆರವುಮಾಡಿಸಿ, ಎಲ್ಲೆಯ ಕಲ್ಲುಗಳನ್ನು ನೆಡಿಸತಕ್ಕದ್ದು. ಒತ್ತಿದವರು ಬಹುಶಃ ಬಡವರಾಗಿರಲಾರರು, ಆದಕಾರಣವೇ ಈ ಕೆಲಸ ಯಜಮಾನರಿಂದ ಆಗಬೇಕಾದದ್ದು. ಮೈದಾನವೇ ಇಲ್ಲದ ಕಡೆ, ಸುಗ್ಗಿ ಮುಗಿದ ಮೇಲೆ ಐದಾರು ತಿಂಗಳು ಬರಿದಾಗಿರುವ ಕಣವನ್ನು ಸಂಜೆಯ ಹೊತ್ತು ಮಕ್ಕಳಿಗೆ ಬಿಟ್ಟುಕೊಟ್ಟರೆ ಜಮೀನುದಾರರಿಗೆ ನಷ್ಟವೇನೂ ಇಲ್ಲ. ಕಣ ಗಟ್ಟಿಯಾಗುವುದು, ಅಷ್ಟೆ. ಹೆಣ್ಣುಮಕ್ಕಳಿಗೂ ಆ ಜಾಗದಲ್ಲಿ ಒಂದು ಹೊತ್ತನ್ನು ಗೊತ್ತುಮಾಡಬೇಕು. ಹನ್ನೆರಡು ವರ್ಷ ತುಂಬುತ್ತಲೇ ಹುಡುಗಿಯರು ಆಟಕ್ಕೆ ಬರುವುದು ನಿಂತುಹೋಗುವುದು ನಮ್ಮ ಊರುಗಳ ದೊಡ್ಡ ಕೊರತೆ.

ಶಾಲೆಯು ಒಂದೆರಡು ಕಿಲೋಮೀಟರಿನೊಳಗಿದ್ದರೆ ಮಕ್ಕಳು ನಡೆದು ಹೋಗುವುದೇ ಒಳ್ಳೆಯದು. ಆದರೆ ಲಾರಿಗಳು ಓಡುವ ರಸ್ತೆಯಲ್ಲಿ ನಡೆಯಿರೆಂದರೆ ಯಾವ ತಾಯಿಯೂ ಒಪ್ಪಳು. ಹೊಲಗಳ ನಡುವಣ ಹಳೆಯ ಕಾಲುದಾರಿಗಳು ಹಲವೆಡೆ ಉಳುಮೆಗೆ ಸೇರಿಹೋಗಿವೆ. ಎರಡು ಮೊಳ ಅಗಲದ ದಾರಿಯನ್ನು ಇಬ್ಬದಿಯ ಹಿಡುವಳಿದಾರರು ಒಪ್ಪಿ ಬಿಟ್ಟುಕೊಟ್ಟು ಎರಡು ಕಡೆಯೂ ಹೊಂಗೆಯ ಸಸಿಗಳನ್ನು ಹಾಕಿದರೆ ಮಕ್ಕಳಿಗೆ ನೆರಳು, ಹೊಲಕ್ಕೆ ಹಸುರೆಲೆ ಗೊಬ್ಬರ.

ಅಂಗಡಿಯ ವಿಷಯ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಾದ ತಿಂಡಿಗಳನ್ನು ಶಾಲೆಯ ಒಳಗೂ, ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೂ ಮಕ್ಕಳಿಗೆ ಮಾರಕೂಡದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲಿ ನಿಯಮ ಮಾಡಿದೆ. ಇದನ್ನು ಬಲ್ಲ ಅಂಗಡಿಯವರು ಅಪರೂಪ. ದಂಡ, ಜಪ್ತಿಯ ಮಾತಿಗೆ ಮುಂಚೆ ಅವರಿಗೆ ಬದಲಿ ಸರಕನ್ನು ತೋರಿಸಿಕೊಡುವುದು ನ್ಯಾಯ. ಬೇಯಿಸಿದ ಕಡಲೆಕಾಯಿ, ಹುರಿಗಡಲೆ, ಉಸಲಿ, ಸೀಬೆ, ಬಾಳೆ, ನೆಲ್ಲಿ ಇವೆಲ್ಲವೂ ಊರಿನ ಹೊಲದಿಂದಲೇ ಬರಬಹುದು, ಬೆಳೆದವನಿಗೂ ನಾಲ್ಕು ಕಾಸು. ಮಕ್ಕಳು ಬಾಯಾರಿಕೆಗೆಂದು ಬಣ್ಣದ ನೀರನ್ನು ಕೊಳ್ಳದಿರಬೇಕಾದರೆ ಶಾಲೆಯಲ್ಲಿ ಕುಡಿಯುವ ನೀರು ಶುದ್ಧವಾಗಿಯೂ ತಂಪಾಗಿಯೂ ಇರಬೇಕು. ಒಳ್ಳೆಯ ಶೋಧಕವನ್ನಾಗಲಿ ನಾಲ್ಕು ಮಣ್ಣಿನ ಹೂಜಿಗಳನ್ನಾಗಲಿ ದಾನಮಾಡುವವರು ಪ್ರತಿ ಊರಿನಲ್ಲಿಯೂ ಸಿಕ್ಕಾರು.

ರಾಗಿಯ ವಿಷಯದಲ್ಲಿ ಒಂದು ಮಾತು. ರಾಗಿ, ನವಣೆ, ಸಾಮೆಗಳನ್ನು ತಿಂದರೆ ಬೊಜ್ಜು ಬಾರದೆಂದು ಈಚೆಗೆ ಬಹಳ ಪ್ರಚಾರ ನಡೆಯುತ್ತಿದೆ. ರಾಗಿಯಲ್ಲಿ ಸುಣ್ಣದ ಅಂಶವು 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಇದ್ದು ಅಕ್ಕಿಗಿಂತ ಹಲವು ಪಟ್ಟು ಹೆಚ್ಚೆಂಬುದೂ, ನಾರಿನ ಅಂಶ ಹೆಚ್ಚೆಂಬುದೂ ನಿಜ. ಆದರೆ ಶಾಖಶಕ್ತಿಯಲ್ಲಿ ಅಕ್ಕಿಗೂ ರಾಗಿಗೂ ದೊಡ್ಡ ಅಂತರವಿಲ್ಲ. ರಾಗಿಯನ್ನು ಸಕ್ಕರೆ ಡಾಲ್ಡಗಳೊಡನೆ ಬಿಸ್ಕತ್ತುಮಾಡಿ ಮಾರಿದರೆ ಅದು ಬಿಸ್ಕತ್ತೇ ಹೊರತು ರಾಗಿಯಲ್ಲ. ಮುದ್ದೆಯ ಜೊತೆಗೆ ಸೊಪ್ಪು, ಕಾಳಿನ ಸಾರು, ಮಜ್ಜಿಗೆ ಇದ್ದರೆ ಆಗ ಅದು ಮಕ್ಕಳಿಗೆ ತಕ್ಕ ಊಟ. ಶಾಲೆಯ ಹಿತ್ತಲಿನಲ್ಲಿ ನುಗ್ಗೆ, ಬಸಳೆ, ದಂಟುಗಳ ಪಾತಿಗೆ ಬೇಕಾದ ಬೀಜ, ಸಸಿಗಳ ವಿಷಯದಲ್ಲಿ ಇಲಾಖೆಯ ಕಚೇರಿಯನ್ನು ವಿಚಾರಿಸಬಹುದು.

ಮನೆಯೊಳಗಿನ ವಿಷಯದಲ್ಲಿ ಹೆಚ್ಚು ಹೇಳುವುದಕ್ಕೆ ಇಲಾಖೆಗೆ ಅಧಿಕಾರವಿಲ್ಲ. ಊಟದ ಹೊತ್ತಿನಲ್ಲಿಯೂ ಮಲಗುವ ಹೊತ್ತಿನಲ್ಲಿಯೂ ಮೊಬೈಲು ಫೋನು ಮಕ್ಕಳ ಕೈಗೆ ಸಿಕ್ಕದಂತೆ ಇರಿಸಿದರೆ ಒಳ್ಳೆಯದು. 6ರಿಂದ 12 ವರ್ಷದ ಮಕ್ಕಳಿಗೆ 9 ಗಂಟೆಗೆ ಕಡಿಮೆಯಿಲ್ಲದ ನಿದ್ರೆ ಬೇಕು, ನಿದ್ರೆಗೆಟ್ಟ ಮಗುವಿಗೆ ಹಸಿವು ಹೆಚ್ಚು. ಬೊಜ್ಜುಳ್ಳ ಮಗುವನ್ನು ಗುಂಡ, ಆನೆಮರಿ ಎಂದು ಹಾಸ್ಯಮಾಡುವುದೂ, ಊಟ ಬಿಡಿಸಿ ಉಪವಾಸ ಕೆಡವುವುದೂ ಕೂಡದು. ಹಾಸ್ಯದಿಂದ ಮಗು ಆಟದ ಬಯಲನ್ನೇ ಬಿಟ್ಟು ಮೂಲೆ ಸೇರುವುದು, ಉಪವಾಸದಿಂದ ಬೆಳವಣಿಗೆ ಕುಂದುವುದು. ಬೆಳೆಯುವ ಮಗುವಿನ ತೂಕವನ್ನು ಬಹುತೇಕ ಇಳಿಸಬೇಕಾಗಿಲ್ಲ. ಅದು ಇದ್ದಲ್ಲಿಯೇ ನಿಂತು ಎತ್ತರ ಏರಿದರೆ ಅಂಕವು ತಾನಾಗಿಯೇ ಇಳಿಯುವುದು. ಅತಿ ಸ್ಥೂಲವಾದ ಮಗುವನ್ನು ಮಾತ್ರ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸತಕ್ಕದ್ದು.

ಕೊನೆಯದಾಗಿ ಅಳತೆ. ಹಸುವಿನ ಹಾಲನ್ನು ದಿನಕ್ಕೆರಡು ಬಾರಿ ಡೈರಿಯಲ್ಲಿ ಅಳೆಯಿಸಿ ಪುಸ್ತಕದಲ್ಲಿ ಬರೆಯಿಸುವ ನಾವು ಮಕ್ಕಳನ್ನು ವರ್ಷಕ್ಕೆರಡು ಬಾರಿ ಅಳೆಯುವುದು ಕಷ್ಟವೇನಲ್ಲ. ಅಂಗನವಾಡಿಯಲ್ಲಿ ಚಿಕ್ಕ ಮಕ್ಕಳ ತೂಕ ತೆಗೆಯುವ ಏರ್ಪಾಡು ಇದ್ದೇ ಇದೆ. ಶಾಲೆಯ ಮಕ್ಕಳಿಗಾಗಿ ಒಂದು ತೂಕದ ಯಂತ್ರವನ್ನು ಕೊಡಿಸಿ, ಗೋಡೆಗೆ ಸೆಂಟಿಮೀಟರು ಗುರುತುಳ್ಳ ಪಟ್ಟಿಯನ್ನು ಹೊಡೆಸಿ, ಜೂನು ತಿಂಗಳಲ್ಲಿ ಶಾಲೆ ತೆರೆದ ವಾರವೂ ಮಾರ್ಚಿಯಲ್ಲಿ ರಜಕ್ಕೆ ಮುಂಚಿನ ವಾರವೂ ಪಾದರಕ್ಷೆಯನ್ನು ಬಿಡಿಸಿ ತೂಗಿ ಅಳೆದು, ಮುಖ್ಯೋಪಾಧ್ಯಾಯರ ವಶದಲ್ಲಿ ಪುಸ್ತಕವಿರಿಸತಕ್ಕದ್ದು. ಒಂದು ಮಗುವಿನ ಅಂಕವನ್ನು ಇನ್ನೊಂದು ಮಗುವಿನ ಮುಂದೆ ಓದಕೂಡದು. ಮಾರ್ಚಿಯ ಅಂಕವನ್ನು ಮುಂದಿನ ಜೂನಿನ ಅಂಕದೊಡನೆ ಹೋಲಿಸಿದರೆ, ಬೇಸಗೆಯ ರಜದಲ್ಲಿ ತಮ್ಮ ಊರಿನ ಮಕ್ಕಳಿಗೆ ಏನಾಗುತ್ತಿದೆ ಎಂಬುದು ಯಜಮಾನರಿಗೆ ಎರಡೇ ವರ್ಷಗಳಲ್ಲಿ ತಿಳಿದುಬರುವುದು. ಸೊರಗಿದವರ ಪಟ್ಟಿಯೂ ಊದಿದವರ ಪಟ್ಟಿಯೂ ಒಂದೇ ಪುಸ್ತಕದಲ್ಲಿ ಸಿಕ್ಕುವುವು.